ಬರೀ ನೀರಿನ ಸೊನ್ನೆ

ಗಾಜಕ್ಕ ಪ್ರಯೋಗಾಲಯಕ್ಕೆ ಬರುವ ಮೊದಲು ಹನ್ನೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ನೆಲಮಾಳಿಗೆಯಲ್ಲಿ ಆಳೆತ್ತರದ ಆರು ಯಂತ್ರಗಳು ಬೆಳಗಿನಿಂದ ಸಂಜೆವರೆಗೆ ಗುಡುಗುತ್ತಿದ್ದವು. ಹಬೆಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ, ಬ್ಲೀಚಿನ ಘಾಟಿಗೆ ಕಣ್ಣು ಉರಿಯುತ್ತಿತ್ತು. ಕೊಳೆ ತೆಗೆಯುವುದು ಯಾರಿಗಾದರೂ ಬರುತ್ತದೆ, ಹಾಕಿದ ಸೋಪನ್ನು ಪೂರ್ತಿ ತೆಗೆಯುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ ಅನ್ನುವುದು ಅವಳು ಆ ಹಬೆಯಲ್ಲಿ ಕಲಿತ ವಿದ್ಯೆ. ಕೊನೆಯ ನೀರಿನಿಂದ ಎತ್ತಿದ ಬಟ್ಟೆಯನ್ನು ಎರಡು ಬೆರಳಿನ ನಡುವೆ ತಿಕ್ಕಿದರೆ ಸಾಕು, ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಸೋಪು ಉಳಿದಿದ್ದರೆ ಬೆರಳು ಜಾರುತ್ತಿತ್ತು. ಉಳಿಯದಿದ್ದರೆ ಬಟ್ಟೆ ಕಿರ್ ಅನ್ನುತ್ತಿತ್ತು.

ಬ್ಲೀಚು ಕೊನೆಗೂ ಅವಳ ಕೈಗಳ ಮೇಲೆ ಸೇಡು ತೀರಿಸಿಕೊಂಡಿತು. ಮೊಣಕೈವರೆಗೆ ಚರ್ಮ ಬಿರುಕುಬಿಟ್ಟು, ಅನ್ನ ಕಲಸುವುದಕ್ಕೂ ಆಗದಂತಾಯಿತು. ಇನ್ನು ಆ ಕೆಲಸದಲ್ಲಿ ಇರಕೂಡದು ಎಂದು ಚರ್ಮದ ಡಾಕ್ಟರು ಬರೆದುಕೊಟ್ಟರು. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿದ್ದ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದ್ದರಿಂದ, ಕೈಗೆ ಹತ್ತಿಬಟ್ಟೆ ಸುತ್ತಿಕೊಂಡೇ ಅವಳು ಅಲ್ಲಿಗೆ ಹೋಗಿ ನಿಂತಳು.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಕುಳ್ಳಗಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜೆಲ್ಲ ತಡಕಾಡುವ ಜಾತಿ. ಅವರು ಏನನ್ನೂ ಕೇಳಲಿಲ್ಲ. ಒಂದು ಜಿಡ್ಡುಗಟ್ಟಿದ ಗಾಜಿನ ಬುಂಡೆಯನ್ನು ಕೈಗೆ ಕೊಟ್ಟು ತೊಳೆದು ತೋರಿಸಲು ಹೇಳಿದರು. ಗಾಜಕ್ಕ ತೊಳೆದಳು. ಆಮೇಲೆ ಸೋಪು ಹೋಗುವವರೆಗೆ ತೊಳೆದಳು. ಆಮೇಲೆ ಸೋಪು ಹೋಗಿದೆ ಅಂದುಕೊಂಡ ಮೇಲೂ ತೊಳೆದಳು. ಮೇಡಂ ಬುಂಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೋಡೆಯ ಮೇಲೆ ನೀರು ಎಲ್ಲೂ ಹನಿಯಾಗಿ ಒಡೆಯದೆ, ಒಂದೇ ಹಾಳೆಯಂತೆ ಅಂಟಿಕೊಂಡು ಇಳಿಯುತ್ತಿತ್ತು. ಎಲ್ಲಾದರೂ ಚೂರು ಜಿಡ್ಡಿದ್ದರೆ ನೀರು ಅಲ್ಲಿ ಹನಿಹನಿಯಾಗಿ ಬಿಡುತ್ತದೆ. ಮೇಡಂ ಬುಂಡೆಯನ್ನು ಕೆಳಗಿಟ್ಟು, ಕೈ ವಾಸಿಯಾದ ಮೇಲೆ ಬನ್ನಿ ಅಂದರು. ಬಾಗಿಲ ಹತ್ತಿರ ಹೋಗಿದ್ದವಳನ್ನು ಮತ್ತೆ ಕರೆದು, ವಾಸಿಯಾಗುವುದಕ್ಕೆ ಕಾಯಬೇಡಿ, ರಬ್ಬರ್ ಕೈಗವಸು ಕೊಡುತ್ತೇನೆ, ನಾಳೆಯೇ ಬನ್ನಿ ಎಂದು ತಿದ್ದಿಕೊಂಡರು. ಗಾಜಕ್ಕ ಎನ್ನುವ ಹೆಸರು ಅಂಟಿಕೊಂಡದ್ದು ಆ ವಾರವೇ.

ಆ ಪ್ರಯೋಗಾಲಯದ ಪ್ರಾಣ ಒಂದು ತೊಟ್ಟಿಯಲ್ಲಿತ್ತು. ತೊಟ್ಟಿ ಅಂದರೆ ಕೊಡಗಟ್ಟಲೆ ನೀರು ಹಿಡಿಯುವಂಥದ್ದಲ್ಲ. ಮೊಳದುದ್ದ, ಗೇಣಗಲ, ಬೆರಳಾಳದ ಬಿಳಿ ತಟ್ಟೆ, ಅಷ್ಟೇ. ಅದಕ್ಕೆ ಅಂಚಿನವರೆಗೆ ಶುದ್ಧ ನೀರು ತುಂಬಿಸುತ್ತಿದ್ದರು. ಮೇಲೆ ಒಂದು ಅಡ್ಡಪಟ್ಟಿ. ಮೋಟಾರು ಹಾಕಿದರೆ ಅದು ನೀರಿನ ಮೈಯನ್ನು ಸವರುತ್ತ ಈ ಕಡೆಯಿಂದ ಆ ಕಡೆಗೆ ಇರುವೆ ನಡಿಗೆಯಲ್ಲಿ ಸರಿಯುತ್ತಿತ್ತು. ಆ ಕಡೆ ಒಂದು ತೆಳು ತಗಡು ನೀರಿಗೆ ತಾಗಿಕೊಂಡು ತೂಗುತ್ತಿತ್ತು. ನೀರಿನ ಮೈ ಆ ತಗಡನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದನ್ನು ಪಕ್ಕದ ಕಾಗದದ ಮೇಲೆ ಪೆನ್ನು ತಾನಾಗಿ ಗೆರೆ ಎಳೆದು ತೋರಿಸುತ್ತಿತ್ತು. ಎಳೆತ ಕಡಿಮೆಯಾದಷ್ಟೂ ಗೆರೆ ಮೇಲೇರುತ್ತಿತ್ತು.

ಈ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ಹಿರಿಯ ಟೆಕ್ನಿಷಿಯನ್. ಅದರ ಹತ್ತಿರ ಯಾರನ್ನೂ ಸುಳಿಯಗೊಡುತ್ತಿರಲಿಲ್ಲವಾದ್ದರಿಂದ ಬೆನ್ನ ಹಿಂದೆ ಅವರು ತೊಟ್ಟಿ ಸಾಹೇಬರು. ಗಾಜಕ್ಕ ಗಾಜಿನ ಜಗ್ಗುಗಳನ್ನು ಮೇಜಿನ ತುದಿಯಲ್ಲಿಟ್ಟು ಹೊರಟುಬಿಡಬೇಕು, ನಿಂತು ನೋಡಿದರೆ ಸಾಹೇಬರ ಹುಬ್ಬು ಗಂಟಾಗುತ್ತಿತ್ತು. ಆದರೂ ಅವಳು ನಿಲ್ಲುತ್ತಿದ್ದಳು. ಒಂದು ದಿನ ಮೇಡಂ ಅವಳು ನಿಂತದ್ದನ್ನು ಕಂಡು, ಬನ್ನಿ ಇಲ್ಲಿ ಎಂದು ಕರೆದು, ಗಾಜಿನ ಬೋಗುಣಿಯಲ್ಲಿ ನೀರು ತುಂಬಿಸಿ, ಮೇಲೆ ಟಾಲ್ಕಂ ಪುಡಿ ಉದುರಿಸಿದರು. ಸೂಜಿಯ ಮೊನೆಯಷ್ಟು ಎಂಥದ್ದೋ ಕೊಬ್ಬಿನ ದ್ರಾವಣವನ್ನು ನಡುವೆ ಮುಟ್ಟಿಸಿದ್ದೇ ತಡ, ಪುಡಿಯೆಲ್ಲ ದಿಕ್ಕೆಟ್ಟು ಅಂಚಿಗೆ ಓಡಿತು.

ಮೇಡಂ ಹೇಳಿದ್ದನ್ನು ಅವಳು ಹಾಗೆ ಹಾಗೇ ನೆನಪಿಟ್ಟುಕೊಂಡಳು. ಆ ಕೊಬ್ಬಿನ ಒಂದೊಂದು ಅಣುವಿಗೂ ಎರಡು ತುದಿ. ತಲೆಗೆ ನೀರು ಅಂದರೆ ಪ್ರಾಣ, ಬಾಲಕ್ಕೆ ನೀರು ಅಂದರೆ ಆಗುವುದಿಲ್ಲ. ಹಾಗಾಗಿ ಅದು ನೀರೊಳಗೆ ಮುಳುಗಲಾರದು, ನೀರು ಬಿಟ್ಟು ಹೋಗಲೂ ಆರದು. ತಲೆಯನ್ನು ನೀರಿಗೆ ಊರಿ, ಬಾಲವನ್ನು ಗಾಳಿಗೆ ಎತ್ತಿ ಮೇಲೆಯೇ ನಿಲ್ಲುತ್ತದೆ. ಜಾಗ ಧಾರಾಳ ಇರುವಾಗ ಒಂದೊಂದೂ ಅಡ್ಡಾದಿಡ್ಡಿ ಬಿದ್ದುಕೊಂಡಿರುತ್ತದೆ. ಅಡ್ಡಪಟ್ಟಿ ಒತ್ತುತ್ತ ಬಂದ ಹಾಗೆ ಎದ್ದು, ಸರಿದು, ಪಕ್ಕದವರಿಗೆ ಮೈ ತಾಗಿಸಿ ನೆಟ್ಟಗೆ ನಿಲ್ಲುತ್ತವೆ. ಒಂದೇ ಅಣುವಿನ ದಪ್ಪದ ಪದರ, ಕಣ್ಣಿಗೆ ಕಾಣುವುದೇ ಇಲ್ಲ.

ಅಂದು ಮನೆಗೆ ಹೋದವಳೇ ಅತ್ತೆಯ ಪೌಡರ್ ಡಬ್ಬಿಯನ್ನು ಬಚ್ಚಲಿನ ಬೋಗುಣಿಗೆ ಉದುರಿಸಿ, ಸೋಪಿನ ಚೂರು ತಾಗಿಸಿ ತೋರಿಸಿ, ಮೇಡಂ ಹೇಳಿದ್ದನ್ನೆಲ್ಲ ಒಪ್ಪಿಸಿದಳು. ಬೀಗದ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅದು. ಗಂಡ ಊರೊಳಗಿನ ಬಸ್ಸಿನ ಡ್ರೈವರ್. ಬೋಗುಣಿಯ ಮೇಲೆ ಬಗ್ಗಿ, ನಮ್ಮ ಬಸ್ಸಿನ ಕಥೆಯೇ ಇದು ಅಂದ, ಜನ ಹತ್ತುತ್ತ ಹತ್ತುತ್ತ ಕಾಲು ಚಾಚಿ ಕೂತವರೂ ಎದ್ದು ನೆಟ್ಟಗಾಗುತ್ತಾರೆ. ನಿಮ್ಮ ಬಸ್ಸಲ್ಲಿ ಒಳಗೆ ಹೋಗಿ ಒಳಗೆ ಹೋಗಿ ಅಂತ ಕಂಡಕ್ಟರ್ ಗಂಟಲು ಹರಿದುಕೊಳ್ಳಬೇಕು, ಇವಕ್ಕೆ ಯಾರೂ ಹೇಳಬೇಕಾಗಿಲ್ಲ, ತಾವೇ ಸಾಲಾಗಿ ನಿಲ್ಲುತ್ತವೆ ಎಂದಳು ಅವಳು. ಅತ್ತೆಗೆ ಅಣುವೂ ಬೇಕಿರಲಿಲ್ಲ, ಸಾಲೂ ಬೇಕಿರಲಿಲ್ಲ. ಅರ್ಧ ಡಬ್ಬಿ ಪೌಡರು ಬಚ್ಚಲು ಪಾಲಾಯಿತು ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರು.

ಎರಡು ವರ್ಷ ಹೀಗೆ ಕಳೆದ ಮೇಲೆ ಆಸ್ಪತ್ರೆಯ ಮಕ್ಕಳ ಡಾಕ್ಟರು ಪ್ರಯೋಗಾಲಯಕ್ಕೆ ಬರಹೋಗಲು ಶುರುಮಾಡಿದರು. ಉದ್ದನೆಯ ಮನುಷ್ಯ, ಮೆಟ್ಟಿಲನ್ನು ಎರಡೆರಡಾಗಿ ಹತ್ತುವವರು. ಅವರದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡು. ಆ ವಾರ್ಡನ್ನು ಗಾಜಕ್ಕ ಕಣ್ಣಿನಿಂದ ನೋಡದಿದ್ದರೂ ಕೈಯಿಂದ ಬಲ್ಲಳು. ನೆಲಮಾಳಿಗೆಯಲ್ಲಿ ಅಲ್ಲಿಂದ ಬರುತ್ತಿದ್ದ ಹಾಸುಗಳು ಕರವಸ್ತ್ರದಷ್ಟಗಲ. ಅವನ್ನು ಬೇರೆಯಾಗಿ, ಹಗುರ ಕೈಯಲ್ಲಿ ಒಗೆಯಬೇಕಿತ್ತು. ಕೆಲವು ದಿನ ಎರಡು ಮೂರು ಹಾಸು ಒಟ್ಟಿಗೆ ಬೇಗ ಬಂದುಬಿಟ್ಟರೆ, ಒಗೆಯುವ ಹೆಂಗಸರು ಯಾಕೆಂದು ಕೇಳುತ್ತಿರಲಿಲ್ಲ.

ಡಾಕ್ಟರು ಒಂದು ದಿನ ಕಾಫಿ ಕುಡಿಯುತ್ತ ಮೇಡಂಗೆ ವಿವರಿಸುತ್ತಿದ್ದುದು ಗಾಜಕ್ಕನ ಕಿವಿಗೂ ಬಿತ್ತು. ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಪುಟ್ಟ ಪುಟ್ಟ ಚೀಲಗಳು. ಒಳಮೈಯೆಲ್ಲ ಒದ್ದೆ. ನೀರಿನ ಮೈ ಸದಾ ಕುಗ್ಗಲು ನೋಡುತ್ತದೆ, ಹಾಗಾಗಿ ಉಸಿರು ಬಿಟ್ಟಾಗ ಒದ್ದೆ ಪ್ಲಾಸ್ಟಿಕ್ ಚೀಲದಂತೆ ಅವು ಒಳಗಿಂದೊಳಗೇ ಅಂಟಿಕೊಳ್ಳಬೇಕು. ನಮ್ಮ ನಿಮ್ಮಲ್ಲಿ ಅಂಟುವುದಿಲ್ಲ, ಯಾಕೆಂದರೆ ತೊಟ್ಟಿಯ ಮೇಲೆ ನಿಲ್ಲುವಂಥದ್ದೇ ಒಂದು ಪದರ ಆ ಒದ್ದೆಯ ಮೇಲೆ ನಿಂತು ಎಳೆತವನ್ನು ತಡೆಯುತ್ತದೆ. ಆ ಪದರದ ಸಾಮಗ್ರಿ ಮಗುವಿನಲ್ಲಿ ತಯಾರಾಗುವುದು ಬಸಿರಿನ ಕೊನೆಕೊನೆಗೆ. ಮೊದಲೇ ಬಂದುಬಿಟ್ಟ ಮಗು ಪ್ರತಿ ಉಸಿರಿಗೂ ಅಂಟಿದ ಚೀಲಗಳನ್ನು ಬಿಡಿಸಬೇಕು. ಎರಡು ದಿನ ಬಿಡಿಸುತ್ತದೆ, ಆಮೇಲೆ ಸುಸ್ತಾಗುತ್ತದೆ.

ಕುರಿಯ ಶ್ವಾಸಕೋಶ ತೊಳೆದು ಆ ಸಾಮಗ್ರಿಯನ್ನು ತೆಗೆದು, ಶುದ್ಧಮಾಡಿ, ಮಗುವಿನ ಶ್ವಾಸನಾಳಕ್ಕೆ ಹನಿಸಬೇಕು ಎನ್ನುವುದು ಡಾಕ್ಟರ ಯೋಚನೆ. ತಯಾರಾದ ಮದ್ದು ಒಳ್ಳೆಯದೋ ಕೆಟ್ಟದ್ದೋ ಹೇಳಬೇಕಾದದ್ದು ತೊಟ್ಟಿ. ಪಟ್ಟಿ ಒತ್ತಿದಾಗ ಪೆನ್ನಿನ ಗೆರೆ ಎಪ್ಪತ್ತರ ಹತ್ತಿರ ಹೋಗಬೇಕು. ಅಷ್ಟು ಹೋದರೆ ಮಾತ್ರ ಪದರ ನೀರಿನ ಎಳೆತವನ್ನು ಪೂರಾ ಮಣಿಸಿದೆ ಎಂದರ್ಥ. ನಡುವೆ ಕುಸಿದರೆ ಮಗುವಿಗೆ ಕೊಡುವ ಮಾತೇ ಇಲ್ಲ.

ಮೊದಲ ಎರಡು ಸಲದ ತಯಾರಿಕೆ ಅರವತ್ತೆಂಟಕ್ಕೆ ಮುಟ್ಟಿತು. ಡಾಕ್ಟರು ಮೆಟ್ಟಿಲನ್ನು ಮೂರು ಮೂರಾಗಿ ಇಳಿದರು. ಆಮೇಲೆ ಏನಾಯಿತೋ, ಮೂರನೆಯದು ನಲವತ್ತೆರಡಕ್ಕೇ ಕುಸಿಯಿತು. ನಾಲ್ಕನೆಯದು, ಐದನೆಯದು, ಎಲ್ಲವೂ ಹಾಗೇ. ತೊಳೆಯುವ ವಿಧಾನ ಬದಲಾಯಿಸಿದರು, ಕುರಿ ಬದಲಾಯಿಸಿದರು, ಶೀಶೆ ಬದಲಾಯಿಸಿದರು. ನಾಲ್ಕು ತಿಂಗಳಲ್ಲಿ ಏಳು ತಯಾರಿಕೆ ತಣ್ಣನೆ ಪೆಟ್ಟಿಗೆ ಸೇರಿದವು. ಆಸ್ಪತ್ರೆಯ ಆಡಳಿತ ಮಂಡಳಿಗೆ ತಾಳ್ಮೆ ಮುಗಿಯಿತು. ಗುರುವಾರ ಸಭೆ, ಅಲ್ಲಿ ಈ ಕೆಲಸಕ್ಕೆ ಮಂಗಳ ಹಾಡುವುದು ಖಚಿತ ಎಂದು ಪ್ರಯೋಗಾಲಯದ ತುಂಬ ಗುಸುಗುಸು ಹಬ್ಬಿತು.

ಆ ವಾರದ ಸೋಮವಾರ ಬೆಳಿಗ್ಗೆ ಗಾಜಕ್ಕ ತೊಳೆದ ಜಗ್ಗುಗಳಿಗೆ ಕೊನೆಯ ಸಲ ಶುದ್ಧ ನೀರು ಹಾಯಿಸುತ್ತಿದ್ದಳು. ನೀರು ಒಳಗೋಡೆಯ ಮೇಲೆ ಹಾಳೆಯಂತೆ ಇಳಿಯಲಿಲ್ಲ. ಕೂದಲೆಳೆಯಷ್ಟು ಒಂದು ಕಡೆ ಸೀಳಿ, ಹನಿಯಾಯಿತು. ಅವಳು ಮತ್ತೆ ತೊಳೆದಳು. ಮತ್ತೆ ಹಾಗೇ. ತನ್ನ ಕೈಕೆಲಸದ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಹಾಗಾದರೆ ಜಿಡ್ಡು ಇರುವುದು ಗಾಜಿನಲ್ಲಲ್ಲ, ತೊಳೆಯುವ ನೀರಿನಲ್ಲೇ.

ಅವಳು ಎರಡು ಗಾಜಿನ ಬೋಗುಣಿ ತೆಗೆದುಕೊಂಡಳು. ಒಂದಕ್ಕೆ ಭಟ್ಟಿಯಿಂದ, ಅಂದರೆ ನೀರನ್ನು ಕಾಯಿಸಿ ಹಬೆಯಾಗಿಸಿ ಇಳಿಸುವ ಗಾಜಿನ ಯಂತ್ರದ ಮೂತಿಯಿಂದಲೇ, ನೇರವಾಗಿ ಹನಿ ಹಿಡಿದಳು. ಇನ್ನೊಂದಕ್ಕೆ ಅದೇ ಭಟ್ಟಿಯ ನೀರು ಹರಿದು ಬರುವ, ಎಲ್ಲರೂ ಬಳಸುತ್ತಿದ್ದ ಕೊಳಾಯಿಯಿಂದ. ಎರಡರ ಮೇಲೂ ಪುಡಿ ಉದುರಿಸಿ ಮೆಲ್ಲಗೆ ಊದಿದಳು. ಮೊದಲನೆಯದರಲ್ಲಿ ಪುಡಿ ತಡೆಯಿಲ್ಲದೆ ಆ ತುದಿಗೆ ಜಾರಿತು. ಎರಡನೆಯದರಲ್ಲಿ ಇಷ್ಟು ದೂರ ಹೋಗಿ, ಯಾರೋ ಹಿಡಿದೆಳೆದಂತೆ ಹಿಂದಕ್ಕೆ ಬಂತು. ಕಾಣದ ಪದರವೊಂದು ಆಗಲೇ ಅಲ್ಲಿ ಜಾಗ ಹಿಡಿದು ಕೂತಿತ್ತು.

ಭಟ್ಟಿಗೂ ಕೊಳಾಯಿಗೂ ನಡುವೆ ಇದ್ದದ್ದು ಒಂದೇ ವಸ್ತು, ಎರಡು ಮೊಳದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಅಲ್ಲಿ ಮೊದಲು ಇದ್ದದ್ದು ಗಾಜಿನ ಕೊಳವೆ. ನಾಲ್ಕು ತಿಂಗಳ ಹಿಂದೆ ಅದನ್ನು ತೊಳೆಯುವಾಗ ಒಡೆದದ್ದು ಅವಳೇ. ಒಡೆದ ಗಾಜಿನ ಬಗ್ಗೆ ಚೀಟಿ ಬರೆದುಕೊಟ್ಟು ಮೇಡಂ ಸಹಿ ಹಾಕಿಸುವುದು ನಿಯಮ. ಆ ದಿನ ಸಾಹೇಬರು ಅವಳ ಮುಖ ನೋಡಿ, ಇರಲಿ ಬಿಡು, ಚೀಟಿಗೀಟಿ ಯಾಕೆ ಎಂದು ಉಗ್ರಾಣದಿಂದ ಈ ಕೊಳವೆ ತಂದು ಸಿಕ್ಕಿಸಿದ್ದರು. ಅವರು ಅವಳಿಗೆ ಮಾಡಿದ ಉಪಕಾರ ಅಂದರೆ ಅದೊಂದೇ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು, ಆಮೇಲೆ ಮರೆತೂಬಿಟ್ಟಿದ್ದರು.

ಅವಳು ಮೊದಲು ಹೋದದ್ದು ಸಾಹೇಬರ ಹತ್ತಿರವೇ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೊಳವೆ ಹೊಚ್ಚ ಹೊಸದು, ಹೊಳೆಯುತ್ತಿದೆ, ಅದರಲ್ಲಿ ಏನಿರಲು ಸಾಧ್ಯ ಎಂದರು. ಮೂವತ್ತು ವರ್ಷದ ಅನುಭವದ ಮಾತೆತ್ತಿದರು. ಬರೀ ನೀರಿನ ಮೇಲೆ ಒಮ್ಮೆ ಪಟ್ಟಿ ಓಡಿಸಿ ನೋಡಿ, ಏನೂ ಇಲ್ಲದಿದ್ದರೆ ಗೆರೆ ಸೊನ್ನೆಯಲ್ಲೇ ಇರುತ್ತದಲ್ಲ ಎಂದು ಅವಳು ಮೆತ್ತಗೆ ಕೇಳಿದಳು. ಒಂದು ಕಾಲದಲ್ಲಿ ಅದನ್ನು ದಿನಾ ಮಾಡುತ್ತಿದ್ದರು. ಸದಾ ಸೊನ್ನೆ ಬರುವುದನ್ನು ಏನು ನೋಡುವುದು ಎಂದು ಈಚೆಗೆ ಬಿಟ್ಟಿದ್ದರು. ಸಾಹೇಬರು ಮುಖ ತಿರುಗಿಸಿ, "ನಿನ್ನ ಕೆಲಸ ಗಾಜು ತೊಳೆಯೋದು" ಎಂದರು. ಮಾತು ಗಡುಸಾಗಿತ್ತು, ಕಿವಿ ಮಾತ್ರ ಕೆಂಪಗಾಗಿತ್ತು.

ಸೋಮವಾರ, ಮಂಗಳವಾರ ಎರಡು ದಿನ ಗಾಜಕ್ಕ ತುಟಿ ಬಿಚ್ಚಲಿಲ್ಲ. ಮೇಡಂಗೆ ಹೇಳಿದರೆ ಒಡೆದದ್ದು ಹೊರಬೀಳುತ್ತದೆ, ಮುಚ್ಚಿಟ್ಟದ್ದೂ ಹೊರಬೀಳುತ್ತದೆ, ಉಪಕಾರ ಮಾಡಿದ ಮನುಷ್ಯನನ್ನೂ ಸಿಕ್ಕಿಸಿದಂತಾಗುತ್ತದೆ. ನಾಲ್ಕು ತಿಂಗಳ ನಷ್ಟಕ್ಕೆಲ್ಲ ತಾನೇ ಮೂಲ ಅಂದುಕೊಂಡು ಊಟದ ತಟ್ಟೆಯನ್ನು ಹಾಗೇ ಸರಿಸಿ ಏಳುತ್ತಿದ್ದಳು. ಮಂಗಳವಾರ ಸಂಜೆ ಅತ್ತೆ ತಟ್ಟೆಯ ಮುಂದೆ ಕೂತು ಬಲವಂತವಾಗಿ ಬಾಯಿ ಬಿಡಿಸಿದರು. ಆ ಮಕ್ಕಳ ವಿಷಯವನ್ನೂ, ಗುರುವಾರದ ಸಭೆಯ ವಿಷಯವನ್ನೂ ಕೇಳಿದ ಮೇಲೆ ಅವರು ತಟ್ಟೆಯನ್ನು ಮತ್ತೆ ಸೊಸೆಯ ಮುಂದಕ್ಕೆ ಸರಿಸಿದರು.

"ಒಡೆದವಳು ನಾನು ಅಂತ ಹೇಳ್ಕೊಂಡ್ರೆ ಏನು ಮಾಡ್ತಾರೆ? ಬೈತಾರೆ. ಬೈಸ್ಕೊಂಡ್ರೆ ಸವೆದು ಹೋಗ್ತೀಯಾ? ನಾನು ಹದಿನೈದು ವರ್ಷದಿಂದ ಬೈತಿದ್ದೀನಿ, ಎಲ್ಲಿ ಸವೆದಿದ್ದೀಯ?" ಎಂದರು.

ಗಂಡ ನಗು ತಡೆಯಲಾರದೆ ತುತ್ತು ನೆತ್ತಿಗೇರಿಸಿಕೊಂಡ. ಗಾಜಕ್ಕನೂ ನಕ್ಕಳು, ನಗುತ್ತಲೇ ಅತ್ತಳು, ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು.

ಬುಧವಾರ ಬೆಳಿಗ್ಗೆ ಮೇಡಂ ಕೋಟು ತೆಗೆದು ಮೊಳೆಗೆ ಹಾಕುವಷ್ಟರಲ್ಲಿ ಅವಳು ಅವರ ಮುಂದೆ ನಿಂತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಒಡೆದದ್ದು ನಾನು, ಚೀಟಿ ಬರೆಯದಿದ್ದದ್ದು ನಾನು ಎಂದು ತನ್ನ ಪಾಲನ್ನು ಮೊದಲು ಹೇಳಿದಳು. ಕೊಳವೆ ಸಿಕ್ಕಿಸಿದವರು ಯಾರು ಎಂಬುದನ್ನು ಹೇಳಲು ಅವಳು ತಡವರಿಸುತ್ತಿದ್ದಾಗ ಸಾಹೇಬರು ಬಾಗಿಲಲ್ಲಿ ಕಂಡರು.

"ಸಿಕ್ಕಿಸಿದ್ದು ನಾನು," ಎಂದರು ಅವರು. ಅವರ ಕೈಯಲ್ಲಿ ಆಗಲೇ ತುಂಬಿಸಿದ ಜಗ್ಗು ಇತ್ತು. "ಎರಡು ದಿನದಿಂದ ನನಗೂ ನಿದ್ದೆ ಇಲ್ಲ. ಬರೀ ನೀರು ಓಡಿಸಿ ನೋಡೋಣ ಬನ್ನಿ."

ಮೂವರೂ ತೊಟ್ಟಿಯ ಸುತ್ತ ನಿಂತರು. ಮಕ್ಕಳ ಡಾಕ್ಟರೂ ಅಷ್ಟರಲ್ಲಿ ಬಂದರು. ಸಾಹೇಬರು ಕೊಳಾಯಿಯ ನೀರನ್ನು ತುಂಬಿಸಿ, ಮೇಲೆ ಏನನ್ನೂ ಹಾಕದೆ ಪಟ್ಟಿಯನ್ನು ಓಡಿಸಿದರು. ಅರ್ಧ ದಾರಿಯವರೆಗೆ ಪೆನ್ನು ಸೊನ್ನೆಯ ಮೇಲೇ ಹೋಯಿತು. ಆಮೇಲೆ ಮೆಲ್ಲಗೆ, ಕಳ್ಳಹೆಜ್ಜೆಯಲ್ಲಿ ಏರಲು ಶುರುಮಾಡಿತು. ನಾಲ್ಕು, ಆರು, ಒಂಬತ್ತು. ಏನೂ ಇಲ್ಲದ ನೀರಿನ ಮೇಲೆ ಏನೋ ಇತ್ತು. ಮೆತ್ತನೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಸೇರಿಸುವ ಎಣ್ಣೆಯಂಥ ವಸ್ತು ನೀರಿಗೆ ಇಳಿಯುತ್ತದೆ, ಅದು ನೀರಿನ ಮೇಲೆ ಹರಡಿ, ಮದ್ದಿನ ಅಣುಗಳ ಸಾಲಿನ ನಡುವೆ ನುಗ್ಗಿ ಸಾಲನ್ನು ಒಡೆಯುತ್ತದೆ ಎಂದು ಮೇಡಂ ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿದರು. ಏಳು ತಯಾರಿಕೆಗಳನ್ನು ಅನುಮಾನಿಸಿದ್ದೆವು, ನೀರನ್ನು ಕೇಳಲೇ ಇಲ್ಲ ಎಂದರು.

ಗಾಜಕ್ಕನಿಗೆ ಬೈಗುಳ ಬರಲಿಲ್ಲ. ಬದಲಿಗೆ ಮೇಡಂ ಅವಳ ಕಡೆ ತಿರುಗಿ, ತೊಟ್ಟಿಯನ್ನು ನೀವೇ ತೊಳೆಯಿರಿ ಅಂದರು.

ಅವಳು ಕೈಗವಸು ಹಾಕಿಕೊಂಡಳು. ತೊಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು, ತೊಳೆದಳು, ಮತ್ತೆ ತೊಳೆದಳು. ಭಟ್ಟಿಯ ಮೂತಿಯಿಂದಲೇ ಗಾಜಿನ ಜಗ್ಗಿಗೆ ಹಿಡಿದ ನೀರನ್ನು ಅಂಚಿನವರೆಗೆ ತುಂಬಿಸಿದಳು. ಪಟ್ಟಿಯಿಂದ ನೀರಿನ ಮೈಯನ್ನು ಒಂದು ಮೂಲೆಗೆ ಗುಡಿಸಿ, ಗುಡಿಸಿದ್ದನ್ನು ಗಾಜಿನ ನಳಿಗೆಯಿಂದ ಹೀರಿ ತೆಗೆದಳು. ಹಾಸು ಒಗೆಯುವಾಗ ಮೂರು ಸಲ ನೀರು ಬದಲಾಯಿಸುತ್ತಿದ್ದ ರೂಢಿಗೆ ಇಲ್ಲೂ ಮೂರು ಸಲ ಗುಡಿಸಿದಳು. ಆಮೇಲೆ ಪಟ್ಟಿ ಓಡಿಸಿದರು. ಪೆನ್ನು ಈ ತುದಿಯಿಂದ ಆ ತುದಿಯವರೆಗೆ ಸೊನ್ನೆಯ ಗೆರೆಯನ್ನು ಎಳ್ಳಷ್ಟೂ ಬಿಡದೆ ಹೋಯಿತು.

ಡಾಕ್ಟರು ತಣ್ಣನೆ ಪೆಟ್ಟಿಗೆಯಿಂದ ಮೂರನೆಯ ತಯಾರಿಕೆಯ ಶೀಶೆ ತಂದರು. ನಲವತ್ತೆರಡಕ್ಕೆ ಕುಸಿದಿದ್ದು ಅದೇ. ಅದನ್ನು ಹದಕ್ಕೆ ಬೆಚ್ಚಗಾಗಿಸಿ, ಸಾಹೇಬರು ನೀರಿನ ಮೈಗೆ ಸೂಜಿಯಿಂದ ಮುಟ್ಟಿಸಿದರು. ಹರಡಲು ಸ್ವಲ್ಪ ಹೊತ್ತು ಬಿಟ್ಟು ಮೋಟಾರು ಹಾಕಿದರು. ಗೆರೆ ಏರಿತು. ಮೂವತ್ತರಲ್ಲಿ ಒಂದು ಕ್ಷಣ ಬಾಗಿ ಮತ್ತೆ ಏರಿತು. ನಲವತ್ತೆರಡು ಬಂತು. ಗೆರೆ ನಿಲ್ಲಲಿಲ್ಲ. ಐವತ್ತು, ಅರವತ್ತು, ಅರವತ್ತೆಂಟು. ಎಪ್ಪತ್ತರಲ್ಲಿ ಪೆನ್ನು ನೆಟ್ಟಗೆ, ಸಮಾಧಾನವಾಗಿ ನಿಂತಿತು. ಡಾಕ್ಟರು ಉಳಿದ ಶೀಶೆಗಳನ್ನು ತರಲು ಓಡಿದರು. ಪೆಟ್ಟಿಗೆಯಲ್ಲಿ ಕೆಟ್ಟದ್ದೆಂದು ಕೂಡಿಟ್ಟಿದ್ದ ಏಳರಲ್ಲಿ ಆರು ಆ ದಿನ ಎಪ್ಪತ್ತರ ಹತ್ತಿರ ಮುಟ್ಟಿದವು. ಒಂದು ಮಾತ್ರ ನಿಜವಾಗಿಯೂ ಕೆಟ್ಟಿತ್ತು.

ಸಾಹೇಬರು ಕತ್ತರಿ ತಂದು ಕೊಳವೆಯನ್ನು ಚೂರುಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು. ಹೊಸ ಗಾಜಿನ ಕೊಳವೆಗೆ ಬೇಡಿಕೆ ಚೀಟಿ ಬರೆದು, ಒಡೆದದ್ದರ ಚೀಟಿಯನ್ನೂ ನಾಲ್ಕು ತಿಂಗಳ ಹಿಂದಿನ ತಾರೀಖಿನೊಂದಿಗೆ ಬರೆದು, ಕೆಳಗೆ ತಾವೇ ಸಹಿ ಹಾಕಿದರು. ಗಾಜಕ್ಕ ಪೆನ್ನು ಕಸಿದುಕೊಂಡು ಪಕ್ಕದಲ್ಲಿ ತನ್ನದೂ ಒಂದು ಸಹಿ ಎಳೆದಳು.

ಗುರುವಾರ ಮಂಡಳಿಯ ಐದು ಜನ ಕಡತ ಹಿಡಿದುಕೊಂಡು ಪ್ರಯೋಗಾಲಯಕ್ಕೇ ಬಂದರು. ಮೇಡಂ ಭಾಷಣ ಮಾಡಲಿಲ್ಲ. ಗಾಜಕ್ಕನನ್ನು ತೊಟ್ಟಿಯ ಮುಂದೆ ಕೂರಿಸಿದರು. ಸಾಹೇಬರು ಪಕ್ಕದಲ್ಲಿ ಜಗ್ಗು ಹಿಡಿದು ನಿಂತರು. ಹತ್ತು ಕಣ್ಣುಗಳು ತನ್ನ ಕೈಯನ್ನೇ ನೋಡುತ್ತಿರುವಾಗ ಅವಳು ಗುಡಿಸಿದಳು, ಹೀರಿದಳು, ಗುಡಿಸಿದಳು. ಬರೀ ನೀರಿನ ಸೊನ್ನೆ ತೋರಿಸಿದಳು. ಮಂಡಳಿಯ ಅಧ್ಯಕ್ಷರಿಗೆ ತಾಳ್ಮೆ ಕಡಿಮೆ. ಏನೂ ಆಗದ ಗೆರೆಯನ್ನು ನಮಗೇಕೆ ತೋರಿಸುತ್ತಿದ್ದೀರಿ ಎಂದು ಕೇಳಿದರು.

"ಏನೂ ಇಲ್ಲ ಅಂತ ಖಾತ್ರಿ ಆದ ಮೇಲೇ ಏನಿದೆ ಅಂತ ಹೇಳೋಕೆ ಬರೋದು, ಸಾರ್," ಎಂದಳು ಗಾಜಕ್ಕ, ತೊಟ್ಟಿಯಿಂದ ಕಣ್ಣು ಎತ್ತದೆ.

ಆಮೇಲೆ ಮದ್ದು ಮುಟ್ಟಿಸಿದರು. ಗೆರೆ ಎಪ್ಪತ್ತಕ್ಕೆ ಹೋಗಿ ನಿಂತಾಗ ಅಧ್ಯಕ್ಷರು ಕಡತ ಮುಚ್ಚಿದರು. ಕೆಲಸ ನಿಲ್ಲಲಿಲ್ಲ.

ಮೊದಲ ಸಲ ಮದ್ದು ಕೊಟ್ಟದ್ದು ಅದಾದ ಆರು ವಾರಕ್ಕೆ. ಬೆಳಿಗ್ಗೆ ಹನ್ನೊಂದರ ಹೊತ್ತು, ಗಾಜಕ್ಕ ತೊಳೆಯುವ ಕೋಣೆಯಲ್ಲಿದ್ದಳು. ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಡಾಕ್ಟರು ಓಡಿಬಂದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು. ಏದುಸಿರು ಬಿಡುತ್ತಲೇ ಅವರು ಹೇಳತೊಡಗಿದರು. ಏಳೇ ತಿಂಗಳಿಗೆ ಹುಟ್ಟಿದ ಹೆಣ್ಣುಮಗು, ತೂಕ ಒಂದು ಕಿಲೋ ಕೂಡ ಇಲ್ಲ. ಪಕ್ಕೆಲುಬು ಒಳಗೆ ಸೇದಿಕೊಂಡು, ತುಟಿ ನೀಲಿಗಟ್ಟಿತ್ತು. ನಾಳದಿಂದ ಮದ್ದು ಹನಿಸಿ ಮಗುವನ್ನು ಆ ಮಗ್ಗುಲಿಗೆ ಈ ಮಗ್ಗುಲಿಗೆ ಹೊರಳಿಸಿದರು. ಹತ್ತು ನಿಮಿಷಕ್ಕೆ ತುಟಿಯ ಅಂಚು ಬಣ್ಣ ಬದಲಿಸಿತು. ಅರ್ಧ ಗಂಟೆಗೆ ಅಂಗಾಲಿನವರೆಗೆ ಕೆಂಪಾಯಿತು. ಇದನ್ನು ಹೇಳಿ ಮುಗಿಸಿದ ಡಾಕ್ಟರು ಅವಳ ಎರಡೂ ಕೈಗಳನ್ನು, ಸೋಪುನೊರೆಯ ಕೈಗವಸಿನ ಸಮೇತ, ಹಿಡಿದುಕೊಂಡು ನಿಂತರು. ಕೋಟಿನ ತೋಳು ತೊಯ್ದು ತೊಪ್ಪೆಯಾಗುತ್ತಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ ಅವಳನ್ನು ವಾರ್ಡಿಗೆ ಕರೆದುಕೊಂಡು ಹೋದರು. ಹನ್ನೊಂದು ವರ್ಷ ಅಲ್ಲಿಯ ಹಾಸು ಒಗೆದವಳು ಆ ಹಾಸಿನ ಮೇಲೆ ಮಲಗಿದ ಮಗುವನ್ನು ನೋಡಿದ್ದು ಅದೇ ಮೊದಲು. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಇಳಿದದ್ದು ತಡವರಿಸದೆ ಮತ್ತೆ ಏಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ತಾಯಿಗೆ ಇವಳು ಯಾರೆಂದು ಗೊತ್ತಿರಲಿಲ್ಲ. ಗಾಜಕ್ಕ ಹೇಳಲೂ ಇಲ್ಲ. ಆ ಹೆಂಗಸಿನ ಭುಜ ತಟ್ಟಿ, ಊಟ ಮಾಡಿದೆಯಾ ತಾಯಿ ಎಂದು ಕೇಳಿ, ಇಲ್ಲ ಅಂದಾಗ ಗದರಿ, ಊಟದ ಮನೆಗೆ ಎಬ್ಬಿಸಿ ಕಳಿಸಿದಳು. ಅವಳು ಉಂಡು ಬರುವವರೆಗೆ ಆ ಕುರ್ಚಿಯಲ್ಲಿ ತಾನೇ ಕೂತಿದ್ದಳು.

ಎಲ್ಲ ಮಕ್ಕಳೂ ಉಳಿದರು ಎಂದರೆ ಸುಳ್ಳಾದೀತು. ಮದ್ದಿಗೂ ಮೀರಿದ ತೊಂದರೆಗಳಿದ್ದವು. ಆದರೆ ಮೊದಲ ವರ್ಷ ಮದ್ದು ಪಡೆದ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ತಾಯಂದಿರ ತೋಳಿನಲ್ಲಿ ಮುಂಬಾಗಿಲಿನಿಂದ ಮನೆಗೆ ಹೋದವು. ಹಿಂದಿನ ವರ್ಷಗಳ ಲೆಕ್ಕ ಬಲ್ಲವರು ಆ ಸಂಖ್ಯೆಯನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದರು.

ಸಾಹೇಬರು ನಿವೃತ್ತರಾಗುವ ಮೊದಲು ಒಂದೂವರೆ ವರ್ಷ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೊಟ್ಟಿಯ ಸಕಲ ವಿದ್ಯೆಯನ್ನೂ ಧಾರೆಯೆರೆದರು. ಕಲಿಸುವಾಗ ಸಿಡುಕು ಹಾಗೇ ಇತ್ತು. ಅವರ ಜಾಗಕ್ಕೆ ಪದವಿ ಇದ್ದವರೇ ಬೇಕು ಎಂದು ಕಚೇರಿ ಪಟ್ಟುಹಿಡಿದಾಗ, ಪದವೀಧರರು ಮೂವರು ಬಂದು ಬರೀ ನೀರಿನ ಸೊನ್ನೆ ತೋರಿಸಲಿ, ಇವಳೂ ತೋರಿಸಲಿ, ಆಮೇಲೆ ಮಾತಾಡೋಣ ಎಂದರು ಮೇಡಂ. ಮೂವರಲ್ಲಿ ಒಬ್ಬನ ಗೆರೆ ಐದಕ್ಕೆ ಏರಿತು, ಒಬ್ಬಳದು ಮೂರಕ್ಕೆ. ಮೂರನೆಯವನ ತಲೆಯೆಣ್ಣೆಯ ವಾಸನೆಗೇ ಮೇಡಂ ಅವನನ್ನು ಬಾಗಿಲಲ್ಲಿ ನಿಲ್ಲಿಸಿದರು. ಗಾಜಕ್ಕನ ಕೆಲಸ ಕಾಯಂ ಆಯಿತು. ಆ ಪದವೀಧರೆ ಮಾತ್ರ ಹಟ ಬಿಡದೆ ಅವಳ ಕೈಕೆಳಗೆ ಸೇರಿ, ಸೊನ್ನೆ ಎಳೆಯುವುದನ್ನು ಕಲಿತೇ ಹೋದಳು.

ಆಮೇಲಿನ ವರ್ಷಗಳಲ್ಲಿ ಬೇರೆ ಊರಿನ ಆಸ್ಪತ್ರೆಗಳೂ ಮದ್ದು ತಯಾರಿಸಲು ಮುಂದಾದವು. ತೊಟ್ಟಿ ಹೂಡಲು, ಕೈ ಪಳಗಿಸಲು ಗಾಜಕ್ಕನಿಗೆ ಕರೆ ಬರುತ್ತಿತ್ತು. ಗಂಡ ರಜೆ ಹಾಕಿ ಜೊತೆಗೆ ಹೋಗುತ್ತಿದ್ದ. ಬೇರೆಯವನು ಓಡಿಸುವ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಡ್ರೈವರನ ಗೇರು ಬದಲಾವಣೆಗೆ ನೊಂದುಕೊಳ್ಳುತ್ತಿದ್ದ. ಅವಳು ಹೋದ ಕಡೆಯಲ್ಲೆಲ್ಲ ಮೊದಲು ನೋಡುತ್ತಿದ್ದುದು ನೀರು ಎಲ್ಲಿಂದ, ಯಾವುದರೊಳಗೆ ಹಾದು ಬರುತ್ತದೆ ಎಂಬುದನ್ನು. ದೊಡ್ಡ ಓದಿನವರು ಕೋಟಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವಳು ಕೈ ತೋರಿಸಿ, ಹ್ಯಾಂಡ್‌ಕ್ರೀಮ್ ತೊಳೆದು ಬನ್ನಿ ಎಂದರೆ ತೊಳೆದು ಬರುತ್ತಿದ್ದರು.

ಸಮುದ್ರದ ಹತ್ತಿರದ ಒಂದು ಊರಿನಲ್ಲಿ, ಅವಳ ಐವತ್ತೈದನೆಯ ವಯಸ್ಸಿನಲ್ಲಿ, ಒಂಬತ್ತು ದಿನ ಬಡಿದಾಡಿದರೂ ಅಲ್ಲಿಯ ಹೊಸ ತೊಟ್ಟಿ ಸೊನ್ನೆ ಕೊಡಲಿಲ್ಲ. ಹತ್ತನೆಯ ದಿನ, ಮೇಲಿನ ಗಾಳಿಯಂತ್ರಕ್ಕೆ ಬಳಿದ ಹೊಸ ಬಣ್ಣದ ಜಿಡ್ಡು ಗಾಳಿಯ ಜೊತೆ ನೀರಿಗೆ ಇಳಿಯುತ್ತಿದೆ ಎಂದು ಹಿಡಿದಳು, ಯಂತ್ರ ನಿಲ್ಲಿಸಿ ಕಿಟಕಿ ತೆರೆಸಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ನೀರಿನ ಮೈ ಕನ್ನಡಿಯಂತೆ ನಿಂತಿತು. ಗೆರೆ ನೇರವಾಗಿ ಹೋಯಿತು. ಅಲ್ಲಿಯವರು ತಾವೇ ತಯಾರಿಸಿದ ಮೊದಲ ಮದ್ದನ್ನು ಮುಟ್ಟಿಸಿದಾಗ ಅದು ಅರವತ್ತೊಂಬತ್ತಕ್ಕೆ ಏರಿ ನಿಂತಿತು. ಮತ್ತೊಮ್ಮೆ ಓಡಿಸಿದರು, ಮತ್ತೆ ಅಷ್ಟೇ. ವಾರ್ಡಿನಿಂದ ಬಂದು ಬಾಗಿಲಲ್ಲಿ ಕಾಯುತ್ತಿದ್ದ ದಾದಿ, ತಗೊಂಡು ಹೋಗಬಹುದಾ ಎಂದು ಕೇಳಿದಳು. ಅಲ್ಲಿಯ ಮುಖ್ಯಸ್ಥರು, ಟೆಕ್ನಿಷಿಯನ್‌ಗಳು, ಎಲ್ಲರೂ ಗಾಜಕ್ಕನ ಮುಖ ನೋಡಿದರು.

ಅವಳು ಎರಡೂ ಸಲದ ಕಾಗದಗಳನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು.

"ತಗೊಂಡು ಹೋಗಮ್ಮ," ಎಂದಳು. "ಬೇಗ ಹೋಗು."